ಗ್ರಾಮ ಪಂಚಾಯಿತಿಯ ಮರ ಯೋಜನೆ: ಪಹಣಿಯಿಂದ ಮೂರನೇ ಬೇಸಿಗೆಯವರೆಗೆ

ಗ್ರಾಮ ಪಂಚಾಯಿತಿಯಲ್ಲಿ ಮರ ಬೆಳೆಸುವ ಮಾತು ಬಂದ ಕೂಡಲೇ ಲೆಕ್ಕ ಸಸಿಗೆ ಹೋಗುತ್ತದೆ. ಸಾವಿರ ತರೋಣವೋ ಎರಡು ಸಾವಿರವೋ, ಯಾವ ನರ್ಸರಿಯಿಂದ, ಮೊದಲ ಗಿಡ ಯಾರ ಕೈಯಲ್ಲಿ ನೆಡಿಸೋಣ. ಜುಲೈನಲ್ಲಿ ವನಮಹೋತ್ಸವ ಮುಗಿಯುತ್ತದೆ. ಏಪ್ರಿಲ್ ಬರುವ ಹೊತ್ತಿಗೆ ಎಷ್ಟೋ ಊರುಗಳಲ್ಲಿ ಆ ಗುಂಡಿಗಳಲ್ಲಿ ಒಣ ಕಡ್ಡಿ ನಿಂತಿರುತ್ತದೆ. ಅದೇ ವರ್ಷ ಊರ ಬಾಗಿಲ ಹಳೇ ಹುಣಸೆ ಮರ ರಸ್ತೆ ಅಗಲಕ್ಕೆ ಹೋಗಿರುತ್ತದೆ. ಅದನ್ನು ಯಾರೂ ಲೆಕ್ಕಕ್ಕೆ ಹಿಡಿದಿರುವುದಿಲ್ಲ.

ಈ ಮಾರ್ಗದರ್ಶಿ ಬೇರೆ ಕ್ರಮ ಹಿಡಿಯುತ್ತದೆ. ಮೊದಲು ಜಮೀನಿನ ದಾಖಲೆ, ಆಮೇಲೆ ಈಗಾಗಲೇ ನಿಂತಿರುವ ಮರ. ಹೊಸ ಸಸಿ ಬರುವುದು ಆರನೇ ಹೆಜ್ಜೆಯಲ್ಲಿ. ಶ್ರಮದ ಹೆಚ್ಚಿನ ಪಾಲು ನೆಟ್ಟ ನಂತರದ ಮೂರು ಬೇಸಿಗೆಗೆ. ಕರ್ನಾಟಕದ ಗ್ರಾಮ ಪಂಚಾಯಿತಿ ಸದಸ್ಯರು, ಪಿಡಿಓಗಳು (ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು) ಮತ್ತು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳುವ ಊರಿನವರನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇನೆ. ಪಟ್ಟಣದವರಿಗೂ ಕೊನೆಯ ಹತ್ತಿರ ಸ್ವಲ್ಪ ಇದೆ.

ಹೆಜ್ಜೆ 1: ಯಾರು ಮಾಡಬೇಕು ಎಂಬುದನ್ನು ಮೊದಲು ಇತ್ಯರ್ಥ ಮಾಡಿ

"ಮರ ಅಂದರೆ ಅರಣ್ಯ ಇಲಾಖೆ ಕೆಲಸ" ಎಂದು ಸಭೆಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಉತ್ತರ ಸಿದ್ಧವಿರಲಿ. ಸಂವಿಧಾನದ 73ನೇ ತಿದ್ದುಪಡಿಯಿಂದ ಬಂದ 11ನೇ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ಸೇರಿದ 29 ವಿಷಯಗಳಿವೆ. ಅದರಲ್ಲಿ ಆರನೆಯದು ಸಾಮಾಜಿಕ ಅರಣ್ಯ ಮತ್ತು ಕೃಷಿ ಅರಣ್ಯ. ಏಳನೆಯದು ಕಿರು ಅರಣ್ಯ ಉತ್ಪನ್ನ. ಅಂದರೆ ಇದು ಪಂಚಾಯಿತಿಯ ಕೆಲಸವೂ ಹೌದು.

ಇದಕ್ಕಾಗಿ ಹೊಸ ಸಮಿತಿ ಕಟ್ಟಬೇಡಿ. 2002ರ ಜೀವವೈವಿಧ್ಯ ಕಾಯ್ದೆಯ 41ನೇ ಸೆಕ್ಷನ್ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ರಚಿಸಬೇಕು. ಊರಿನ ಗಿಡಮರ, ಪ್ರಾಣಿ, ತಳಿಗಳ ತಿಳಿವಳಿಕೆಯನ್ನು ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಬರೆದಿಡುವುದು ಅದರ ಮುಖ್ಯ ಕೆಲಸ. ನಿಮ್ಮ ಪಂಚಾಯಿತಿಯಲ್ಲೂ ಈ ಸಮಿತಿ ಕಾಗದದ ಮೇಲೆ ಇದ್ದೀತು. ಪಿಡಿಓ ಹತ್ತಿರ ಪಟ್ಟಿ ಕೇಳಿ, ಅದನ್ನೇ ಎಬ್ಬಿಸಿ.

ಸಮಿತಿಯಲ್ಲಿ ಯಾರಿರಬೇಕು ಎಂಬುದಕ್ಕೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಕುರಿ ಮೇಯಿಸುವವರು, ಸೌದೆ ತರುವ ಹೆಣ್ಣುಮಕ್ಕಳು, ನಾಟಿ ವೈದ್ಯರು ಇಲ್ಲದ ಸಮಿತಿ ಸುಮ್ನೆ ಸಹಿಗೆ ಇರುವ ಸಮಿತಿ. ಕುರಿಗಾಹಿಯನ್ನು ಕೇಳದೆ ಗೋಮಾಳಕ್ಕೆ ಬೇಲಿ ಹಾಕಿದರೆ ಆ ಬೇಲಿ ಒಂದು ತಿಂಗಳು ನಿಲ್ಲುವುದಿಲ್ಲ. ಅವರ ಮಾತಿನಂತೆ ಜಾಗ ಬಿಟ್ಟು ಹಾಕಿದರೆ ಅವರೇ ಕಾಯುತ್ತಾರೆ.

ಊರಿನ ಪಕ್ಕ ಅರಣ್ಯ ಇಲಾಖೆಯ ಜಮೀನಿದ್ದರೆ ಗ್ರಾಮ ಅರಣ್ಯ ಸಮಿತಿಯೂ ಇರಬಹುದು. 1993ರಲ್ಲಿ ರಾಜ್ಯ ಸರಕಾರ ಹೊರಡಿಸಿದ ಆದೇಶದಿಂದ ಶುರುವಾದ ಸಮಿತಿಗಳು ಇವು. ಅವರನ್ನೂ ಕರೆಯಿರಿ. ಕಾಡಿನ ಒಳಗಿನ ಆದಿವಾಸಿಗಳ ಹಾಡಿ, ಪೋಡುಗಳಲ್ಲಿ ಲೆಕ್ಕವೇ ಬೇರೆ. ಅಲ್ಲಿ 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಗ್ರಾಮಸಭೆಯ ಮಾತಿಗೆ ತೂಕ ಜಾಸ್ತಿ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ ಸಮುದಾಯ ಹಕ್ಕು ಸಿಕ್ಕಿದ್ದು ಇದೇ ಕಾಯ್ದೆಯಡಿ.

ಹೆಜ್ಜೆ 2: ಜಮೀನು ಎಲ್ಲಿದೆ, ಯಾರ ಹೆಸರಲ್ಲಿದೆ

ಇಡೀ ಯೋಜನೆಯಲ್ಲಿ ಬೇಸರದ ಕೆಲಸ ಇದು. ಮುಖ್ಯವಾದ ಕೆಲಸವೂ ಇದೇ. ಮೂರು ಕಾಗದ ಬೇಕು: ಗ್ರಾಮ ನಕಾಶೆ, ಸರಕಾರಿ ಸರ್ವೆ ನಂಬರುಗಳ ಪಹಣಿ, ಆಕಾರ್‌ಬಂದ್ (ಪ್ರತಿ ಸರ್ವೆ ನಂಬರಿನ ವಿಸ್ತೀರ್ಣ, ಕಂದಾಯ ತೋರಿಸುವ ದಾಖಲೆ). ಗ್ರಾಮ ಆಡಳಿತಾಧಿಕಾರಿಯ ಜೊತೆ ಅರ್ಧ ದಿನ ಕೂತರೆ ಪಟ್ಟಿ ತಯಾರಾಗುತ್ತದೆ. ಪಹಣಿಯ 9ನೇ ಕಲಂ ನೋಡುತ್ತಾ ಹೋಗಿ. ಗೋಮಾಳ, ಗುಂಡುತೋಪು, ಖರಾಬು (ಸಾಗುವಳಿಗೆ ಬಾರದ ಜಮೀನು), ಕೆರೆ ಅಂಗಳ, ಸ್ಮಶಾನ, ಓಣಿ, ಹಳ್ಳ ಎಂದು ಬರೆದಿರುವುದನ್ನೆಲ್ಲ ಬೇರೆ ಹಾಳೆಗೆ ಇಳಿಸಿ. ಮಲೆನಾಡಾದರೆ ಸೊಪ್ಪಿನ ಬೆಟ್ಟ, ಕಾನು (ಊರ ಪಕ್ಕದ ದಟ್ಟ ಕಾಡು), ದಕ್ಷಿಣ ಕನ್ನಡದಲ್ಲಿ ಕುಮ್ಕಿ (ಸಾಗುವಳಿ ಜಮೀನಿಗೆ ಹೊಂದಿದ ಸರಕಾರಿ ಜಮೀನು), ಕೊಡಗಿನಲ್ಲಿ ಬಾಣೆ (ಗದ್ದೆಗೆ ಸೇರಿದ ಮರಗಾಡಿನ ಜಮೀನು), ದೇವರಕಾಡು ಸಿಗುತ್ತವೆ. ಇವುಗಳ ಹಕ್ಕುಗಳು ಒಂದೇ ಥರ ಇಲ್ಲ. ಸೊಪ್ಪಿನ ಬೆಟ್ಟದಲ್ಲಿ ಸೊಪ್ಪು, ದರಗು (ಒಣ ಎಲೆ) ತರುವ ಹಕ್ಕು ತೋಟದವರಿಗೆ ಇರುತ್ತದೆ. ಅದನ್ನು ಮುಟ್ಟುವ ಯೋಜನೆ ಮಾಡಬೇಡಿ.

ಹಳೇ ಮೈಸೂರಿನ ಕಡೆಯವರು ಗುಂಡುತೋಪಿನಿಂದಲೇ ಶುರು ಮಾಡಿ. ಊರಿನ ಪಕ್ಕ ಒಂದೆರಡು ಎಕರೆಯಲ್ಲಿ ಮಾವು, ಹುಣಸೆ, ನೇರಳೆ, ಹಿಪ್ಪೆ, ಹೊಂಗೆ ಬೆಳೆಸಿ ದಾರಿಹೋಕರಿಗೂ ದನಕರುಗಳಿಗೂ ನೆರಳು ಮಾಡಿದ ಜಾಗಗಳು ಇವು. ಅಲ್ಲಿ ಮರ ಬರುತ್ತದೋ ಇಲ್ಲವೋ ಎಂಬ ಅನುಮಾನವೇ ಬೇಡ, ಹಿಂದೆ ಬಂದಿದೆ. ಈಗ ಬಹಳಷ್ಟು ಕಡೆ ಅದು ಖಾಲಿ ಜಾಗ, ತಿಪ್ಪೆ ಅಥವಾ ಸಮುದಾಯ ಭವನ. ದಾಖಲೆಯಲ್ಲಿ ಮಾತ್ರ ಗುಂಡುತೋಪು ಎಂದೇ ಇರುತ್ತದೆ, ಅದೇ ನಿಮಗೆ ಆಧಾರ.

ಪಟ್ಟಿ ಆದ ಮೇಲೆ ಫೋನಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡು ಆ ಜಾಗಗಳಿಗೆ ನಡೆದು ಹೋಗಿ. ನೀವು ನಿಂತಿರುವ ಸರ್ವೆ ನಂಬರ್ ಅದು ತೋರಿಸುತ್ತದೆ. ಗಡಿ ಖಚಿತ ಮಾಡಲು ಅದನ್ನೇ ನಂಬಬೇಡಿ, ಅಂದಾಜಿಗೆ ಸಾಕು. ಗಡಿ ಬೇಕಾದರೆ ಪಂಚಾಯಿತಿ ಠರಾವಿನ ಜೊತೆ ತಹಸೀಲ್ದಾರರಿಗೆ ಅರ್ಜಿ ಕೊಟ್ಟು ಸರ್ವೇಯರ್ ಕರೆಸಿ, ಹದ್ದುಬಸ್ತು (ಗಡಿ ಅಳತೆ) ಮಾಡಿಸಿ, ಕಲ್ಲು ನೆಡಿಸಿ. ಇದಕ್ಕೆ ತಿಂಗಳುಗಳು ಹಿಡಿಯುತ್ತವೆ. ಮಳೆಗಾಲಕ್ಕೆ ಕಾಯದೆ ಹಿಂದಿನ ಅಕ್ಟೋಬರ್‌ನಲ್ಲೇ ಅರ್ಜಿ ಹಾಕಿ.

ಒತ್ತುವರಿ ಸಿಕ್ಕೇ ಸಿಗುತ್ತದೆ. ಊರಿನ ಸಾಮೂಹಿಕ ಜಮೀನಿನ ಒತ್ತುವರಿ ತೆರವು ಮಾಡಬೇಕೆಂದು ಸುಪ್ರೀಂ ಕೋರ್ಟ್ 2011ರ ಜನವರಿಯಲ್ಲಿ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಎಲ್ಲ ರಾಜ್ಯಗಳಿಗೂ ಹೇಳಿದೆ. ದೊಡ್ಡವರು ಬೇಲಿ ಹಾಕಿಕೊಂಡಿದ್ದರೆ ಆ ತೀರ್ಪನ್ನು ಉಲ್ಲೇಖಿಸಿ ತಹಸೀಲ್ದಾರರಿಗೆ ಬರೆಯಿರಿ. ಆದರೆ ನಮೂನೆ 57ರಂಥ ಬಗರ್‌ಹುಕುಂ ಅರ್ಜಿ (ಉಳುತ್ತಿರುವ ಸರಕಾರಿ ಜಮೀನನ್ನು ಸಕ್ರಮ ಮಾಡಿ ಎಂಬ ಅರ್ಜಿ) ಹಾಕಿಕೊಂಡು ಅರ್ಧ ಎಕರೆ ಉಳುತ್ತಿರುವ ಬಡವರ ತುಂಡಿಗೆ ಗುಂಡಿ ತೋಡಲು ಹೋಗಬೇಡಿ. ಅದು ನ್ಯಾಯವೂ ಅಲ್ಲ, ಅಲ್ಲಿ ಗಿಡ ಬದುಕುವುದೂ ಇಲ್ಲ. ವಿವಾದ ಇಲ್ಲದ ಎರಡು ಎಕರೆ ಸಿಕ್ಕರೆ ಮೊದಲ ವರ್ಷಕ್ಕೆ ಧಾರಾಳವಾಯಿತು.

ಗೋಮಾಳದ ಬಗ್ಗೆ ಇನ್ನೊಂದು ಎಚ್ಚರ. ಭೂಕಂದಾಯ ನಿಯಮಗಳಲ್ಲಿ ಪ್ರತಿ 100 ಜಾನುವಾರುಗಳಿಗೆ 30 ಎಕರೆ ಮೇವಿನ ಜಮೀನು ಇಡಬೇಕೆಂಬ ಲೆಕ್ಕ ಇದೆ. ನಿಮ್ಮ ಊರಿನ ದನಗಣತಿ ತೆಗೆದು ಹೋಲಿಸಿ ನೋಡಿ. ಈಗಾಗಲೇ ಕಡಿಮೆ ಇದ್ದರೆ ಇಡೀ ಗೋಮಾಳವನ್ನು ನೆಡುತೋಪು ಮಾಡಬೇಡಿ. ಅಂಚಿನಲ್ಲಿ ಎರಡು ಸಾಲು ಮರ, ನಡುವೆ ಹುಲ್ಲು. ಇಲ್ಲವಾದರೆ ಮೂರು ಭಾಗ ಮಾಡಿ ಒಂದೊಂದು ಭಾಗವನ್ನು ಮೂರು ವರ್ಷ ಮುಚ್ಚಿ, ಗಿಡ ಮೇಲೆದ್ದ ಮೇಲೆ ಮೇವಿಗೆ ಬಿಡಿ.

ಹೆಜ್ಜೆ 3: ನಿಂತಿರುವ ಮರಗಳ ಎಣಿಕೆ

ಒಂದು ದಪ್ಪ ಲೆಡ್ಜರ್ ಕೊಳ್ಳಿ. ಮರದ ಸಂಖ್ಯೆ, ಹೆಸರು, ಸುತ್ತಳತೆ, ಜಾಗ, ಜಮೀನು ಯಾರದು, ಮರದ ಸ್ಥಿತಿ, ಯಾರಿಗೆ ಏನು ಉಪಯೋಗ. ಇಷ್ಟು ಕಲಂ ಸಾಕು. ಸುತ್ತಳತೆಯನ್ನು ನೆಲದಿಂದ 1.37 ಮೀಟರ್ ಎತ್ತರದಲ್ಲಿ ದರ್ಜಿ ಟೇಪಿನಿಂದ ಅಳೆಯಿರಿ. ಅರಣ್ಯದವರೂ ಅದೇ ಎತ್ತರದಲ್ಲಿ ಅಳೆಯುವುದರಿಂದ ಮುಂದೆ ಲೆಕ್ಕ ತಾಳೆ ಆಗುತ್ತದೆ. ಹೈಸ್ಕೂಲ್ ಮಕ್ಕಳು ಇದನ್ನು ಚೆನ್ನಾಗಿ ಮಾಡುತ್ತಾರೆ. ಜೊತೆಗೆ ಮರದ ಹೆಸರು ಗೊತ್ತಿರುವ ಒಬ್ಬ ಅಜ್ಜನೋ ಅಜ್ಜಿಯೋ ಇರಬೇಕು. ಗೋಣಿ ಯಾವುದು, ಬಸರಿ ಯಾವುದು ಎಂದು ಫೋನನ್ನು ಕೇಳಿ ತಿಳಿಯುವುದಕ್ಕಿಂತ ಅವರನ್ನು ಕೇಳುವುದು ಒಳ್ಳೆಯದು.

ಪ್ರತಿ ಗಿಡವನ್ನೂ ಎಣಿಸಲು ಹೋಗಬೇಡಿ. ರಸ್ತೆ ಬದಿ, ಗುಂಡುತೋಪು, ಕೆರೆ ಸುತ್ತ, ಶಾಲೆ, ಆಸ್ಪತ್ರೆ, ದೇವಸ್ಥಾನ, ಸ್ಮಶಾನ, ಅರಳಿಕಟ್ಟೆ. ಇವು ಮುಗಿದರೆ ಊರಿನ ಸಾರ್ವಜನಿಕ ಮರಗಳಲ್ಲಿ ಹೆಚ್ಚಿನವು ಬಂದಂತೆ. ರಸ್ತೆ ಬದಿಯ ಮರಗಳ ಮುಂದೆ ರಸ್ತೆ ಯಾರದು ಎಂದೂ ಬರೆಯಿರಿ: ಪಂಚಾಯಿತಿಯದೋ, ಜಿಲ್ಲಾ ಪಂಚಾಯಿತಿಯದೋ, ಲೋಕೋಪಯೋಗಿಯದೋ, ರಾಷ್ಟ್ರೀಯ ಹೆದ್ದಾರಿಯೋ. ನಾಳೆ ಅಗಲೀಕರಣದ ಸುದ್ದಿ ಬಂದರೆ ಯಾರ ಬಾಗಿಲಿಗೆ ಹೋಗಬೇಕು ಎಂಬುದು ಈ ಒಂದು ಕಲಂನಿಂದ ಗೊತ್ತಾಗುತ್ತದೆ.

ತುಂಬಾ ಹಳೆಯ, ಊರಿನ ಗುರುತಾಗಿರುವ ಮರಗಳಿಗೆ ಬೇರೆ ಪುಟ ಇಡಿ. ಕೆಲವು ಜಾಗಗಳಿಗೆ ಇನ್ನೂ ದೊಡ್ಡ ರಕ್ಷಣೆ ಸಿಗಬಹುದು. ದೇವನಹಳ್ಳಿ ತಾಲೂಕಿನ ನಲ್ಲೂರಿನ ಹುಣಸೆ ತೋಪು, ಸುಮಾರು 54 ಎಕರೆ, 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಇಂಥ ತಾಣವನ್ನು ಘೋಷಿಸುವುದು ರಾಜ್ಯ ಸರಕಾರ, ಸ್ಥಳೀಯ ಸಂಸ್ಥೆಯ ಜೊತೆ ಸಮಾಲೋಚಿಸಿ. ಚಿಕ್ಕಮಗಳೂರಿನ ಹೊಗರೆಕಾನು, ಶಿವಮೊಗ್ಗ ಜಿಲ್ಲೆಯ ಅಂಬಾರಗುಡ್ಡ ಕೂಡ ಈ ಪಟ್ಟಿಯಲ್ಲಿವೆ. ನಿಮ್ಮ ಊರಲ್ಲಿ ಅಂಥ ತೋಪೋ ಕಾನೋ ಇದ್ದರೆ ಪಂಚಾಯಿತಿ ಠರಾವು ಮಾಡಿ ರಾಜ್ಯ ಜೀವವೈವಿಧ್ಯ ಮಂಡಳಿಗೆ ಬರೆಯಬಹುದು.

ದೇವರಕಾಡು, ನಾಗಬನಗಳನ್ನು ಎಣಿಕೆಯಿಂದ ಬಿಡಬೇಡಿ. ಕೊಡಗೊಂದರಲ್ಲೇ 1,214 ದೇವರಕಾಡುಗಳು ದಾಖಲಾಗಿವೆ. ಕರಾವಳಿಯಲ್ಲಿ ನಾಗಬನದ ಮರ ಕಡಿದು ಕಾಂಕ್ರೀಟ್ ಕಟ್ಟೆ, ಗ್ರಾನೈಟ್ ನೆಲ ಮಾಡುವುದು ಹೆಚ್ಚಾಗಿದೆ. ಬನದ ಒಡೆತನ ಕುಟುಂಬದ್ದೇ ಆಗಿದ್ದರೆ ಪಂಚಾಯಿತಿ ಒತ್ತಾಯ ಮಾಡಲಾಗದು. ಆದರೆ ಮನೆಯ ಹಿರಿಯರ ಜೊತೆ, ಪೂಜೆ ಮಾಡುವವರ ಜೊತೆ ಕೂತು ಮಾತಾಡಬಹುದು. ಬಳ್ಳಿ, ಹುತ್ತ, ತಂಪು ಇದ್ದರೆ ತಾನೇ ಅದು ಬನ, ಅಲ್ವಾ?

ಹೆಜ್ಜೆ 4: ಕಡಿಯುವ ಅರ್ಜಿ ಬಂದಾಗ ಏನು ಮಾಡಬೇಕು

1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಊರಿನ ಕೈಯಲ್ಲಿರುವ ದೊಡ್ಡ ಆಯುಧ. ಮರ ಕಡಿಯಲು ವೃಕ್ಷ ಅಧಿಕಾರಿಯ (ಈ ಕಾಯ್ದೆಯಡಿ ನೇಮಕವಾದ ಅರಣ್ಯ ಅಧಿಕಾರಿಯ) ಅನುಮತಿ ಬೇಕು. ತೆಂಗು, ಸರ್ವೆ, ಸಿಲ್ವರ್ ಓಕ್, ಸುಬಾಬುಲ್ ಥರದ ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ಬುಡ ಕೊಯ್ಯುವುದಷ್ಟೇ ಕಡಿಯುವುದಲ್ಲ. ಬೇರು ಸಹಿತ ಕೀಳುವುದು, ಸುತ್ತ ತೊಗಟೆ ಸುಲಿದು ಒಣಗಿಸುವುದು, ಬುಡಕ್ಕೆ ಬೆಂಕಿ ಇಡುವುದು, ಔಷಧ ಹಾಕಿ ಸಾಯಿಸುವುದು, ಇವೆಲ್ಲವೂ ಕಾಯ್ದೆಯ ಲೆಕ್ಕದಲ್ಲಿ ಕಡಿದಂತೆಯೇ. ಅಂಗಡಿ ಮುಂದಿನ ಮರ ಇದ್ದಕ್ಕಿದ್ದಂತೆ ಒಣಗಿದರೆ ಬುಡದ ಫೋಟೋ ತೆಗೆದು ಅರ್ಜಿ ಕೊಡಿ.

ಸಾರ್ವಜನಿಕ ಕೆಲಸಕ್ಕಾಗಿ 50ಕ್ಕಿಂತ ಹೆಚ್ಚು ಮರ ಕಡಿಯಬೇಕಾದರೆ ಜನರ ಆಕ್ಷೇಪಣೆ ಕರೆಯಬೇಕೆಂದು ಇದೇ ಕಾಯ್ದೆ ಹೇಳುತ್ತದೆ. ಆ ಪ್ರಕಟಣೆ ಹೆಚ್ಚಿನವರ ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ಪಂಚಾಯಿತಿ ಈಗಲೇ ವಲಯ ಅರಣ್ಯ ಕಚೇರಿಗೆ ಒಂದು ಪತ್ರ ಕೊಟ್ಟಿಡಲಿ: ನಮ್ಮ ವ್ಯಾಪ್ತಿಯಲ್ಲಿ ಮರ ಕಡಿಯುವ ಯಾವ ಅರ್ಜಿ ಬಂದರೂ ನಮಗೂ ಪ್ರತಿ ಕಳಿಸಿ, ನೋಟಿಸ್ ಬೋರ್ಡಿಗೆ ಹಾಕುತ್ತೇವೆ ಎಂದು.

ಆಕ್ಷೇಪಣೆ ಬರೆಯುವಾಗ "ಪರಿಸರ ಹಾಳಾಗುತ್ತದೆ" ಎಂದಷ್ಟೇ ಬರೆದರೆ ಯಾರೂ ಓದುವುದಿಲ್ಲ. ಲೆಡ್ಜರಿನಿಂದ ಮರದ ಸಂಖ್ಯೆ ಕೊಡಿ. ರಸ್ತೆಯನ್ನು ಯಾವ ಕಡೆ ಅಗಲ ಮಾಡಿದರೆ ಎಷ್ಟು ಮರ ಉಳಿಯುತ್ತವೆ ಎಂದು ಚಿತ್ರ ಬರೆದು ಕೊಡಿ. ಚರಂಡಿಯನ್ನು ಎರಡು ಅಡಿ ಸರಿಸಿದರೆ ಉಳಿಯುವ ಮರಗಳು ಬಹಳ ಇರುತ್ತವೆ. ಎಂಜಿನಿಯರರಿಗೆ ಬೇಕಾಗಿರುವುದು ಬೇರೆ ದಾರಿ. ಅದನ್ನು ನೀವೇ ತೋರಿಸಿದರೆ ಕೆಲಸ ಸುಲಭ.

ದಿನನಿತ್ಯದ ಹಾನಿ ಬರುವುದು ವಿದ್ಯುತ್ ತಂತಿಯ ಕೆಳಗೆ ಮನಬಂದಂತೆ ಕೊಂಬೆ ಕಡಿಯುವುದರಿಂದ. ಮಳೆಗಾಲಕ್ಕೆ ಮುಂಚೆ ಲೈನ್‌ಮ್ಯಾನ್ ಜೊತೆ ಒಂದು ಸುತ್ತು ಹೋಗಿ, ಯಾವ ಕೊಂಬೆ ಎಂದು ಬಣ್ಣದ ಗುರುತು ಹಾಕಿ. ಕೊಂಬೆಯನ್ನು ಬುಡದ ಉಬ್ಬಿನ ಹತ್ತಿರ ಗರಗಸದಿಂದ ಕೊಯ್ದರೆ ಗಾಯ ಮಾಯುತ್ತದೆ. ಮಚ್ಚಿನಿಂದ ಅರ್ಧಕ್ಕೆ ಕಡಿದರೆ ಅಲ್ಲಿಂದಲೇ ಕೊಳೆತ ಶುರು. ಮರಗಳಿಗೆ ಮೊಳೆ ಹೊಡೆದು ಬೋರ್ಡು ಹಾಕುವುದನ್ನೂ ಇದೇ ಠರಾವಿನಲ್ಲಿ ನಿಲ್ಲಿಸಿ.

ಹೆಜ್ಜೆ 5: ಎಲ್ಲಿ ನೆಡಬಾರದು

ಖಾಲಿ ಕಾಣುವ ಜಾಗವೆಲ್ಲ ಗಿಡ ನೆಡುವ ಜಾಗ ಅಲ್ಲ. ಬಯಲುಸೀಮೆಯ ಹುಲ್ಲುಗಾವಲು ತಾನೇ ಒಂದು ಜೀವಲೋಕ. ಮಧುಗಿರಿ ತಾಲೂಕಿನ ಮೈದನಹಳ್ಳಿಯಲ್ಲಿ ಕೃಷ್ಣಮೃಗಗಳು ಬದುಕಿರುವುದು ಹುಲ್ಲು ಇರುವುದರಿಂದ. ರಾಣೆಬೆನ್ನೂರಿನ ಹುಲ್ಲುಗಾವಲಿಗೆ ಹಿಂದೆ ನೀಲಗಿರಿ ನೆಟ್ಟರು. ಅಲ್ಲಿ ಕಾಣುತ್ತಿದ್ದ ಎರಲಡ್ಡ ಹಕ್ಕಿ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಈಗ ಅಲ್ಲಿಲ್ಲ. ಕೃಷ್ಣಮೃಗ, ತೋಳ, ನೆಲದ ಮೇಲೆ ಗೂಡು ಮಾಡುವ ಹಕ್ಕಿ ಕಂಡ ಜಾಗಕ್ಕೆ ಗುದ್ದಲಿ ಹಾಕಬೇಡಿ.

ಕೆರೆ ಏರಿಯ ಮೇಲೂ ಬೇಡ. ಬೇರು ಸತ್ತು ಕೊಳೆತರೆ ಆ ತೂತಿನಲ್ಲಿ ನೀರು ಹಾದು ಏರಿ ಒಡೆಯುತ್ತದೆ. ಕೆರೆಯ ಹಿನ್ನೀರಿನ ಅಂಚು ಪರವಾಗಿಲ್ಲ, ಕರಿಜಾಲಿ ನೀರು ನಿಂತರೂ ತಡೆಯುತ್ತದೆ. ತಂತಿಯ ಕೆಳಗೆ ಎತ್ತರದ ಮರ ಬೇಡ. ಸೀತಾಫಲ, ಕರಿಬೇವು ಹಾಕಿ.

ಬುಡ, ಬೇರು ಉಳಿದಿರುವ ಕುರುಚಲು ಗುಡ್ಡವಿದ್ದರೆ ಅಲ್ಲಿ ನೆಡುವ ಕೆಲಸವೇ ಇಲ್ಲ. ಸುತ್ತ ಕಂದಕ ತೆಗೆದು, ಮೂರು ವರ್ಷ ಮೇವು ಮತ್ತು ಬೆಂಕಿ ತಡೆದರೆ ದಿಂಡಿಗ, ಮುತ್ತುಗ, ಕಕ್ಕೆ ತಾವೇ ಚಿಗುರುತ್ತವೆ. ನೆಟ್ಟ ಗಿಡಕ್ಕಿಂತ ಬೇಗ ಬೆಳೆಯುತ್ತವೆ, ಯಾಕೆಂದರೆ ಕೆಳಗೆ ಹಳೇ ಬೇರು ಇದೆ. ಅಷ್ಟು ಕಡಿಮೆ ಖರ್ಚಿನಲ್ಲಿ ಕಾಡು ಬರುವ ಬೇರೆ ದಾರಿ ನನಗೆ ಕಂಡಿಲ್ಲ. ಉದ್ಘಾಟನೆ ಮಾಡಲು ಅಲ್ಲಿ ಏನೂ ಇರುವುದಿಲ್ಲ ಎಂಬ ಕಾರಣಕ್ಕೆ ಈ ದಾರಿಯನ್ನು ಬಿಡುತ್ತಾರೆ, ನೀವು ಬಿಡಬೇಡಿ.

ಹೆಜ್ಜೆ 6: ಯಾವ ಮರ, ಸಸಿ ಎಲ್ಲಿಂದ

ಊರಿನ ಲೆಡ್ಜರ್ ತೆಗೆಯಿರಿ. ಯಾವ ಮರ ನಿಮ್ಮ ಊರಿನಲ್ಲಿ ಐವತ್ತು ವರ್ಷ ನಿಂತಿದೆಯೋ ಅದೇ ನಿಮ್ಮ ಪಟ್ಟಿ. ಕೋಲಾರ, ತುಮಕೂರಿನ ಕಡೆ ಹೊಂಗೆ, ಹುಣಸೆ, ಬೇವು, ನೇರಳೆ, ಹಿಪ್ಪೆ, ಆಲ, ಗೋಣಿ. ಕಲ್ಯಾಣ ಕರ್ನಾಟಕ ಮತ್ತು ವಿಜಯಪುರದ ಕರಿ ಮಣ್ಣಿನಲ್ಲಿ ಬೇವು, ಬನ್ನಿ, ಜಾಲಿ, ಹುಣಸೆ. ಮಲೆನಾಡಲ್ಲಿ ಹೊನ್ನೆ, ನಂದಿ, ಮತ್ತಿ, ಹಲಸು, ಉಪ್ಪಾಗೆ, ಮುರುಗಲು. ಕಡಲ ಬದಿಗೆ ಸುರಹೊನ್ನೆ. ಒಂದೇ ಜಾತಿಯ ತೋಟ ಮಾಡಬೇಡಿ. ಹಣ್ಣು, ಮೇವು, ಸೌದೆ, ನೆರಳು, ಹಕ್ಕಿ, ಎಲ್ಲಕ್ಕೂ ಪಾಲು ಇರಲಿ.

ನೀಲಗಿರಿ, ಅಕೇಶಿಯಾ ಕೇಳುವವರು ಇನ್ನೂ ಇದ್ದಾರೆ. ಬೇಗ ದುಡ್ಡು ಬರುತ್ತದೆ ಎಂಬುದು ಅವರ ಕಾರಣ, ಅದು ಸುಳ್ಳಲ್ಲ. ಆದರೆ ಅಂತರ್ಜಲ ಬತ್ತಿದ ಜಿಲ್ಲೆಗಳ ಅನುಭವ ನೋಡಿ 2017ರಲ್ಲಿ ರಾಜ್ಯ ಸರಕಾರ ಇವೆರಡನ್ನು ಹೊಸದಾಗಿ ಬೆಳೆಸುವುದನ್ನು ನಿಷೇಧಿಸಿತು. ಊರಿನ ಸಾಮೂಹಿಕ ಜಮೀನಿಗಂತೂ ಇವು ಬೇಡವೇ ಬೇಡ.

ಸಾಮಾಜಿಕ ಅರಣ್ಯ ವಿಭಾಗದ ನರ್ಸರಿಗೆ ಒಂದು ವರ್ಷ ಮುಂಚೆ ಬೇಡಿಕೆ ಕೊಡಿ. ಜೂನ್‌ನಲ್ಲಿ ಹೋದರೆ ಉಳಿದದ್ದನ್ನು ಕೊಡುತ್ತಾರೆ. ಸಸಿ ಇರುವ ಚೀಲದ ಅಳತೆ ಹೇಳಿ ಕೇಳಿ. ಬೇಲಿಯೊಳಗೆ ಗುಡ್ಡದಲ್ಲಿ ನೆಡಲು 6×9 ಇಂಚಿನ ಚೀಲದ ಗಿಡ ನಡೆಯುತ್ತದೆ. ರಸ್ತೆ ಬದಿಗೆ 10×16 ಇಂಚಿನ ಚೀಲದ ಗಿಡವೇ ಬೇಕು. ಮೇಕೆಯ ಬಾಯಿಗೆ ಎಟುಕದಷ್ಟು ಎತ್ತರ ಇರಬೇಕು. ಆಲ, ಗೋಣಿ, ಬಸರಿಗೆ ನರ್ಸರಿಯೂ ಬೇಕಿಲ್ಲ. ತೋಳಿನ ದಪ್ಪದ, ಆಳೆತ್ತರದ ಕೊಂಬೆ ಕಡಿದು, ತುದಿಗೆ ಸಗಣಿ ಮೆತ್ತಿ, ಮಳೆ ಹಿಡಿದ ಮೇಲೆ ಎರಡಡಿ ಆಳಕ್ಕೆ ನೆಟ್ಟರೆ ಚಿಗುರುತ್ತದೆ.

ಊರಲ್ಲೇ ನರ್ಸರಿ ಮಾಡುವುದಾದರೆ ಮಹಿಳಾ ಸ್ವಸಹಾಯ ಸಂಘಕ್ಕೆ ಕೊಡಿ. ಬೀಜವನ್ನು ಒಳ್ಳೆಯ ತಾಯಿಮರದಿಂದ ಆರಿಸಬೇಕು. ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡ ಶಾಲೆಗೆ ಹೋದವರಲ್ಲ. ಆದರೂ ಕಾಡಿನಲ್ಲಿ ತಾಯಿಮರ ಗುರುತಿಸುವುದರಲ್ಲಿ ಅರಣ್ಯ ಇಲಾಖೆಯವರೇ ಅವರ ಮಾತು ಕೇಳುತ್ತಿದ್ದರು. ಪದ್ಮಶ್ರೀ ಅವರನ್ನು ಹುಡುಕಿಕೊಂಡು ಬಂದದ್ದು ಆ ಕೆಲಸಕ್ಕೆ. ಬೇವು, ನೇರಳೆ, ಹಿಪ್ಪೆಯ ಬೀಜ ಬಿದ್ದ ಕೆಲವೇ ವಾರಗಳಲ್ಲಿ ಹುಟ್ಟುವ ಶಕ್ತಿ ಕಳೆದುಕೊಳ್ಳುತ್ತದೆ. ಆರಿಸಿದ ಕೂಡಲೇ ಚೀಲಕ್ಕೆ ಹಾಕಿ. ಹುಣಸೆ ಬೀಜ ಮಾತ್ರ ಎಷ್ಟು ದಿನವಾದರೂ ಇಡಬಹುದು.

ಹೆಜ್ಜೆ 7: ಗುಂಡಿ ಮತ್ತು ಮಳೆ

ಗುಂಡಿಯನ್ನು ಮಾರ್ಚ್, ಏಪ್ರಿಲ್‌ನಲ್ಲೇ ತೆಗೆಸಿ, ಬಿಸಿಲು ಕುಡಿಯಲಿ. ಗುಡ್ಡದಲ್ಲಿ ಒಂದೂವರೆ ಅಡಿ ಉದ್ದ, ಅಗಲ, ಆಳ. ರಸ್ತೆ ಬದಿಗೆ ಎರಡರಿಂದ ಮೂರು ಅಡಿ. ಮೇಲ್ಮಣ್ಣು ಒಂದು ಕಡೆ, ಕೆಳಮಣ್ಣು ಇನ್ನೊಂದು ಕಡೆ ಹಾಕಿಸಿ. ತುಂಬುವಾಗ ಮೇಲ್ಮಣ್ಣು ಮತ್ತು ಕೊಟ್ಟಿಗೆ ಗೊಬ್ಬರ ಬೇರಿನ ಹತ್ತಿರ ಹೋಗಲಿ. ರಸ್ತೆ ಬದಿ 10 ಮೀಟರಿಗೆ ಒಂದು ಗಿಡ, ಆಲಕ್ಕೆ ಇನ್ನೂ ದೂರ. ಒಂದು ಕಿಲೋಮೀಟರ್, ಎರಡೂ ಬದಿ ಎಂದರೆ 200 ಗುಂಡಿ. ಅದಕ್ಕಿಂತ ಒತ್ತಾಗಿ ನೆಟ್ಟರೆ ಬಿಲ್ಲು ದೊಡ್ಡದಾಗುತ್ತದೆ, ಸಾಲು ಚೆನ್ನಾಗುವುದಿಲ್ಲ.

ನೆಡುವ ದಿನವನ್ನು ಕ್ಯಾಲೆಂಡರ್ ನೋಡಿ ಗೊತ್ತು ಮಾಡಬೇಡಿ. ಕರಾವಳಿ, ಮಲೆನಾಡಿನಲ್ಲಿ ಜೂನ್‌ನಲ್ಲಿ ಮಳೆ ಹಿಡಿದರೆ ನೆಡಬಹುದು. ಕೋಲಾರ, ಬೆಂಗಳೂರು ಗ್ರಾಮಾಂತರ, ತುಮಕೂರಿನ ಕಡೆ ಜೋರು ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಜೂನ್ 5ರ ಪರಿಸರ ದಿನಕ್ಕೆ ಅಲ್ಲಿ ನೆಟ್ಟ ಗಿಡ ಜುಲೈ ಬಿಸಿಲಿಗೆ ಸಾಯುತ್ತದೆ. ಆ ದಿನ ಬೀಜ ಆರಿಸುವ ಕಾರ್ಯಕ್ರಮ ಇಟ್ಟುಕೊಳ್ಳಿ. ಗುಂಡಿಯ ಮಣ್ಣು ಒಂದಡಿ ಆಳದವರೆಗೆ ನೆನೆದ ಮೇಲೆಯೇ ನೆಡಿ. ಚೀಲ ಹರಿದು ತೆಗೆಯಬೇಕು ಎಂಬುದನ್ನು ಕೂಲಿಯವರಿಗೆ, ಶಾಲಾ ಮಕ್ಕಳಿಗೆ ತೋರಿಸಿಕೊಡಿ. ಚೀಲದ ಸಮೇತ ಹೂತ ಗಿಡಗಳನ್ನು ಎಲ್ಲ ಕಡೆ ಕಾಣಬಹುದು.

ಹೆಜ್ಜೆ 8: ಮೂರು ಬೇಸಿಗೆ

ಮಾಗಡಿ ತಾಲೂಕಿನ ಹುಲಿಕಲ್‌ನ ಸಾಲುಮರದ ತಿಮ್ಮಕ್ಕ ಮತ್ತು ಅವರ ಪತಿ ಚಿಕ್ಕಯ್ಯ ಹುಲಿಕಲ್–ಕುದೂರು ರಸ್ತೆಯಲ್ಲಿ 385 ಆಲದ ಮರ ಬೆಳೆಸಿದ್ದು ಎಲ್ಲರಿಗೂ ಗೊತ್ತು. ಅವರು ಹೇಗೆ ಬೆಳೆಸಿದರು ಎಂಬುದನ್ನು ಪಂಚಾಯಿತಿಗಳು ಗಮನಿಸಬೇಕು. ಮೊದಲ ವರ್ಷ ಹತ್ತು ಸಸಿ, ಎರಡನೇ ವರ್ಷ ಹದಿನೈದು, ಮೂರನೇ ವರ್ಷ ಇಪ್ಪತ್ತು. ಇಬ್ಬರೂ ಕೊಡಗಳಲ್ಲಿ ನೀರು ಹೊತ್ತರು, ಪ್ರತಿ ಗಿಡಕ್ಕೂ ಮುಳ್ಳಿನ ಬೇಲಿ ಕಟ್ಟಿದರು. ತಮ್ಮ ಕೈಯಲ್ಲಿ ನೀರು ಹಾಕಲು ಆಗುವಷ್ಟೇ ನೆಟ್ಟರು. ನಿಮ್ಮ ಯೋಜನೆಯ ಗಿಡಗಳ ಸಂಖ್ಯೆಯನ್ನು ಗೊತ್ತು ಮಾಡಬೇಕಾದದ್ದು ಈ ಅಳತೆಯಿಂದಲೇ.

ಲೆಕ್ಕ ಹೀಗೆ ಹಾಕಿ. ಒಂದು ಗಿಡಕ್ಕೆ ಒಂದು ಸಲಕ್ಕೆ 10 ಲೀಟರ್. 500 ಗಿಡಕ್ಕೆ 5,000 ಲೀಟರ್, ಅಂದರೆ ಒಂದು ಟ್ಯಾಂಕರ್. ಡಿಸೆಂಬರ್‌ನಿಂದ ಮೇವರೆಗೆ ವಾರಕ್ಕೊಮ್ಮೆ ಎಂದರೆ ಸುಮಾರು 25 ಟ್ಯಾಂಕರ್. ಎರಡನೇ ಬೇಸಿಗೆಗೆ ಹದಿನೈದು ದಿನಕ್ಕೊಮ್ಮೆ, ಮೂರನೆಯದಕ್ಕೆ ತಿಂಗಳಿಗೊಮ್ಮೆ. ನಿಮ್ಮೂರಿನ ಟ್ಯಾಂಕರ್ ದರದಿಂದ ಗುಣಿಸಿ. ಆ ಮೊತ್ತ ಬಜೆಟ್ಟಿನಲ್ಲಿ ಇಲ್ಲದಿದ್ದರೆ ಗಿಡದ ಸಂಖ್ಯೆ ಇಳಿಸಿ. ಪಾತಿ ಮಾಡಿ ಒಣ ಎಲೆ, ತೆಂಗಿನ ಗರಿ ಮುಚ್ಚಿದರೆ ನೀರು ಹೆಚ್ಚು ದಿನ ಬರುತ್ತದೆ. ಇಳಿಜಾರಿನಲ್ಲಿ ಗಿಡದ ಕೆಳಬದಿಗೆ ಅರ್ಧಚಂದ್ರದ ಒಡ್ಡು ಹಾಕಿ.

ಬೇಲಿಗೆ ಕಬ್ಬಿಣದ ಟ್ರೀಗಾರ್ಡ್ ದುಬಾರಿ, ಕಳವೂ ಆಗುತ್ತದೆ. ಕಳೆಯಂತೆ ಹಬ್ಬಿರುವ ಬಳ್ಳಾರಿ ಜಾಲಿಯ ಮುಳ್ಳು ಬೇಕಾದಷ್ಟು ಸಿಗುತ್ತದೆ, ಅದನ್ನು ಕಡಿದು ಕಟ್ಟಿದರೆ ಎರಡು ಕೆಲಸ ಒಟ್ಟಿಗೆ ಆದಂತೆ. ಗುಡ್ಡಕ್ಕೆ ಸುತ್ತ ಜಾನುವಾರು ತಡೆ ಕಂದಕ. ಶಿವರಾತ್ರಿಗೆ ಮುಂಚೆ ಅಂಚಿನ ಒಣ ಹುಲ್ಲು ಸವರಿ ಬೆಂಕಿ ರೇಖೆ ಮಾಡಿ.

ಕಾವಲಿಗೆ ಒಬ್ಬರನ್ನು ನೇಮಿಸಿ, ಕೂಲಿ ಪ್ರತಿ ತಿಂಗಳು ಕೊಡಿ. ಇಲ್ಲಿ ಉಳಿತಾಯ ಮಾಡಿದ ಯಾವ ಯೋಜನೆಯೂ ಉಳಿಯುವುದಿಲ್ಲ. ಮನೆಗಳ ಮುಂದಿನ ಗಿಡಕ್ಕೆ ಬೇರೆ ದಾರಿ ಇದೆ. ಆ ಗಿಡದ ಫಸಲು ಆ ಮನೆಯವರಿಗೆ ಎಂದು ಠರಾವು ಮಾಡಿ, ಬರಹದಲ್ಲಿ ಕೊಡಿ. ಹುಣಸೆ, ನೇರಳೆಯ ಹಣ್ಣು ತಮ್ಮದಾದರೆ ಪಾತ್ರೆ ತೊಳೆದ ನೀರು ತಾನಾಗಿ ಗಿಡಕ್ಕೆ ಹೋಗುತ್ತದೆ.

ಹೆಜ್ಜೆ 9: ಹಣ ಮತ್ತು ಕ್ಯಾಲೆಂಡರ್

ಪಂಚಾಯಿತಿಯ ಮುಂದಿನ ವರ್ಷದ ಅಭಿವೃದ್ಧಿ ಯೋಜನೆಯ ಅಭಿಯಾನ ಅಕ್ಟೋಬರ್ 2ರಿಂದ ಶುರುವಾಗುತ್ತದೆ. ವಾರ್ಡ್ ಸಭೆಯಲ್ಲಿ ಮರದ ಕೆಲಸ ಬರೆಸದಿದ್ದರೆ ಗ್ರಾಮಸಭೆಗೆ ಬರುವುದಿಲ್ಲ. ಅಲ್ಲಿ ಬರದಿದ್ದರೆ ಹಣವೂ ಇಲ್ಲ. ಗುಂಡಿ, ಕಂದಕ, ನರ್ಸರಿ, ನೀರುಣಿಸುವ ಕೆಲಸಗಳನ್ನು ಉದ್ಯೋಗ ಖಾತರಿಯಡಿ ಬರೆಸಿ. ನಿರ್ವಹಣೆಯ ವರ್ಷಗಳನ್ನೂ ಅದೇ ಅಂದಾಜುಪಟ್ಟಿಯಲ್ಲಿ ಸೇರಿಸಲು ಪಿಡಿಓಗೆ ಹೇಳಿ. ನಿಯಮಗಳು ಬದಲಾಗುತ್ತಿರುತ್ತವೆ, ಆ ವರ್ಷದ ಆದೇಶ ತೆರೆದು ನೋಡಿಯೇ ಬರೆಸಿ. ಟ್ಯಾಂಕರ್, ಕಾವಲಿನ ಖರ್ಚಿಗೆ ಹಣಕಾಸು ಆಯೋಗದ ಅನಿರ್ಬಂಧಿತ ಅನುದಾನ ಮತ್ತು ಪಂಚಾಯಿತಿಯ ಸ್ವಂತ ಆದಾಯದಿಂದ ಪಾಲು ತೆಗೆದಿಡಿ. ಊರಿನ ಹುಣಸೆ, ಮಾವಿನ ಫಸಲು ಹರಾಜು ಹಾಕುವ ಪಂಚಾಯಿತಿಗಳು ಆ ದುಡ್ಡನ್ನು ಬೇರೆ ಖಾತೆಗೆ ಹಾಕಿ ಮರಕ್ಕೇ ಖರ್ಚು ಮಾಡಲಿ.

ರೈತರ ಹೊಲದ ಬದುಗಳಿಗೆ ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ಇದೆ. ರಿಯಾಯಿತಿ ದರದಲ್ಲಿ ಸಸಿ ಸಿಗುತ್ತದೆ. ಬದುಕಿದ ಗಿಡಗಳನ್ನು ಎಣಿಸಿ ಮೂರು ವರ್ಷ ಪ್ರೋತ್ಸಾಹಧನ ಕೊಡುತ್ತಾರೆ. ನೆಟ್ಟದ್ದಕ್ಕಲ್ಲ, ಬದುಕಿದ್ದಕ್ಕೆ ದುಡ್ಡು. ತುಂಬಾ ಸರಿಯಾದ ಕ್ರಮ ಅದು. ಪಂಚಾಯಿತಿ ಮಾಡಬೇಕಾದದ್ದು ಅರ್ಜಿ ತುಂಬಿಸಿ ವಲಯ ಕಚೇರಿಗೆ ಒಟ್ಟಿಗೆ ತಲುಪಿಸುವುದು.

ಪಟ್ಟಣ ಪಂಚಾಯಿತಿ, ಪುರಸಭೆಯವರಿಗೆ

ನಗರ ಅರಣ್ಯ ಸಂವಿಧಾನದ 12ನೇ ಅನುಸೂಚಿಯಲ್ಲಿ ಇರುವುದರಿಂದ ಅಧಿಕಾರ ನಿಮಗೂ ಇದೆ. ಎಣಿಕೆ, ವೃಕ್ಷ ಕಾಯ್ದೆ, ನೀರಿನ ಲೆಕ್ಕ ಎಲ್ಲವೂ ಒಂದೇ. ಹೆಚ್ಚಿನದು ಒಂದು: ಬುಡದ ಕಾಂಕ್ರೀಟ್. ಮರದ ಸುತ್ತ ಒಂದು ಮೀಟರ್ ಮಣ್ಣು ಬಿಡಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ದೆಹಲಿಯ ಮರಗಳ ಪ್ರಕರಣದಲ್ಲಿ ಹೇಳಿತು. ಆ ಅಳತೆಯನ್ನು ನಿಮ್ಮ ಪಾದಚಾರಿ ಮಾರ್ಗದ ಟೆಂಡರ್ ಷರತ್ತಿನಲ್ಲಿ ಬರೆದುಬಿಡಿ. ಕೆಲಸ ಮುಗಿದ ಮೇಲೆ ಒಡೆಸುವುದಕ್ಕಿಂತ ಮುಂಚೆ ಬರೆಯುವುದು ಸುಲಭ. ಹೊಸ ಬಡಾವಣೆಗೆ ಒಪ್ಪಿಗೆ ಕೊಡುವಾಗ ಈಗಿರುವ ಮರಗಳನ್ನು ನಕ್ಷೆಯಲ್ಲಿ ತೋರಿಸಿ ಎಂದು ಕೇಳಿ. ಉದ್ಯಾನಕ್ಕೆ ಬಿಟ್ಟ ಜಾಗ ಆ ಮರಗಳಿರುವ ಕಡೆಯೇ ಬರಲಿ.

ಹೆಜ್ಜೆ 10: ಏಪ್ರಿಲ್ ಎಣಿಕೆ

ವರ್ಷಕ್ಕೆ ಎರಡು ಸಲ ಎಣಿಸಿ: ಅಕ್ಟೋಬರ್ ಕೊನೆಗೆ ಒಮ್ಮೆ, ಏಪ್ರಿಲ್ ಕೊನೆಗೆ ಒಮ್ಮೆ. ಅಕ್ಟೋಬರ್‌ನಲ್ಲಿ ಎಲ್ಲವೂ ಹಸಿರಾಗಿ ಕಾಣುತ್ತವೆ. ನಂಬಬೇಕಾದ ಲೆಕ್ಕ ಏಪ್ರಿಲ್‌ನದು. ಎಷ್ಟು ಸತ್ತವು, ಯಾಕೆ ಸತ್ತವು ಎಂದು ಬರೆಯಿರಿ: ನೀರಿಲ್ಲದೆಯೋ, ಮೇಕೆಯಿಂದಲೋ, ಬೆಂಕಿಯಿಂದಲೋ, ಗೆದ್ದಲಿನಿಂದಲೋ. ಒಂದು ಕಡೆ ಎರಡು ವರ್ಷ ಒಂದೇ ಕಾರಣಕ್ಕೆ ಸತ್ತರೆ ಅಲ್ಲಿ ಮತ್ತೆ ನೆಡುವ ಮುಂಚೆ ಆ ಕಾರಣವನ್ನು ಸರಿ ಮಾಡಿ.

ಈ ಲೆಕ್ಕವನ್ನು ಗ್ರಾಮಸಭೆಯಲ್ಲಿ ಓದಿ, ಪಂಚಾಯಿತಿಯ ಲೆಕ್ಕಪತ್ರ ಪರಿಶೀಲಿಸುವ ಜಮಾಬಂದಿ ದಿನ ಲೆಡ್ಜರನ್ನು ಜನರ ಮುಂದೆ ಇಡಿ. ಪಂಚಾಯಿತಿಯ ಅವಧಿ ಐದು ವರ್ಷ, ಪಿಡಿಓ ಅದಕ್ಕಿಂತ ಬೇಗ ವರ್ಗ ಆಗುತ್ತಾರೆ. ಅದಕ್ಕೇ ಲೆಡ್ಜರಿನ ಒಂದು ಪ್ರತಿ ಪಂಚಾಯಿತಿಯಲ್ಲಿ, ಒಂದು ಜೀವವೈವಿಧ್ಯ ಸಮಿತಿಯಲ್ಲಿ, ಒಂದು ಊರಿನ ಶಾಲೆಯಲ್ಲಿ ಇರಬೇಕು. ಹೊಸ ಸದಸ್ಯರು ಬಂದ ಮೊದಲ ತಿಂಗಳಲ್ಲೇ ಅವರನ್ನು ಪ್ರತಿ ಜಾಗಕ್ಕೂ ಕರೆದುಕೊಂಡು ಹೋಗಿ, ಗಡಿ ಕಲ್ಲು ತೋರಿಸಿ. ಏಪ್ರಿಲ್ ಎಣಿಕೆಯ ಹಾಳೆಗೆ ಅಧ್ಯಕ್ಷರು, ಪಿಡಿಓ, ಕಾವಲುಗಾರ ಮೂವರೂ ಸಹಿ ಹಾಕಬೇಕು. ಸತ್ತ ಗಿಡಗಳ ಜಾಗಕ್ಕೆ ಬೇಕಾದ ಸಸಿಯ ಪಟ್ಟಿ ಮೇ 15ರೊಳಗೆ ನರ್ಸರಿಗೆ ತಲುಪಲಿ.